ಮುಚ್ಚಿದ ಕಾರ್ಖಾನೆ, ಬೆಳೆಯುವ ಮಗು: ಬಾಲ್ಯದ ಆಘಾತ ಮತ್ತು ಜೀವಮಾನದ ಆರೋಗ್ಯ

ಮಧ್ಯವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಹೃದ್ರೋಗ, ಸಕ್ಕರೆ ಕಾಯಿಲೆ, ಯಕೃತ್ತಿನ ಕಾಯಿಲೆ, ಖಿನ್ನತೆ ಮೊದಲಾದವುಗಳ ಮೂಲವನ್ನು ವೈದ್ಯಶಾಸ್ತ್ರವು ಬಹುಕಾಲ ವಂಶ, ಆಹಾರ, ತಂಬಾಕು, ಮದ್ಯ ಇವುಗಳಲ್ಲಿಯೇ ಹುಡುಕುತ್ತ ಬಂದಿತು. ಆ ಹುಡುಕಾಟ ತಪ್ಪೇನಲ್ಲ. ಆದರೆ ಒಬ್ಬನು ಹದಿನೈದನೆಯ ವಯಸ್ಸಿಗೇ ಬೀಡಿ ಹಚ್ಚಿದ್ದೇಕೆ, ಇಪ್ಪತ್ತು ತುಂಬುವ ಮೊದಲೇ ಕುಡಿತಕ್ಕೆ ಬಿದ್ದದ್ದೇಕೆ ಎಂಬ ಪ್ರಶ್ನೆ ರೋಗಿಯ ಚೀಟಿಯಲ್ಲಿ ಎಂದೂ ಬರಲಿಲ್ಲ. ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಬೊಜ್ಜು ಕರಗಿಸುವ ಚಿಕಿತ್ಸಾಲಯವನ್ನು ನಡೆಸುತ್ತಿದ್ದ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು, ತೂಕ ಚೆನ್ನಾಗಿ ಇಳಿಯುತ್ತಿದ್ದ ರೋಗಿಗಳೇ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದುದರ ಕಾರಣವನ್ನು ಕೆದಕಿದಾಗ, ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರೆಂಬುದು ತಿಳಿದುಬಂದಿತು. ಮುಂದೆ ಅವರೂ ರಾಬರ್ಟ್ ಆಂಡಾ ಅವರೂ ಕೂಡಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವು ‘ಬಾಲ್ಯದ ಪ್ರತಿಕೂಲ ಅನುಭವಗಳು’ ಎಂಬ ಪರಿಕಲ್ಪನೆಯನ್ನು ಜಗತ್ತಿನ ಮುಂದಿಟ್ಟಿತು.

ಬೈಗುಳ ಮತ್ತು ಅವಮಾನ, ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲಿನ ಹಲ್ಲೆ, ಮನೆಯಲ್ಲಿ ಕುಡುಕರೋ ಮಾನಸಿಕ ಅಸ್ವಸ್ಥರೋ ಜೈಲಿಗೆ ಹೋದವರೋ ಇರುವುದು, ಹೀಗೆ ಏಳು ಬಗೆಯ ಅನುಭವಗಳನ್ನು ಕುರಿತು 9,508 ವಯಸ್ಕರು ಆಗ ಉತ್ತರಿಸಿದ್ದರು. ಇವರಲ್ಲಿ ಹೆಚ್ಚಿನವರು ಬಡವರಲ್ಲ, ಆರೋಗ್ಯ ವಿಮೆಯಿದ್ದ ಮಧ್ಯಮವರ್ಗದವರು. ಆದರೂ ಅರ್ಧಕ್ಕಿಂತ ಹೆಚ್ಚು ಜನ ಕನಿಷ್ಠ ಒಂದು ಅನುಭವವನ್ನಾದರೂ ದಾಖಲಿಸಿದರು. ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವಗಳಿದ್ದವರಲ್ಲಿ ಮದ್ಯವ್ಯಸನ, ಮಾದಕವಸ್ತು ಸೇವನೆ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಸಂಭವ ಅಂಥ ಅನುಭವವೇ ಇಲ್ಲದವರಿಗಿಂತ 4ರಿಂದ 12 ಪಟ್ಟು ಹೆಚ್ಚಾಗಿತ್ತು. ಹೃದಯ, ಶ್ವಾಸಕೋಶ, ಯಕೃತ್ತುಗಳ ಕಾಯಿಲೆಗಳೂ ಅನುಭವಗಳ ಸಂಖ್ಯೆ ಏರಿದಂತೆ ಏರಿದವು.

ಇದು ಹೇಗೆ ಸಾಧ್ಯವೆಂಬುದನ್ನು ತಿಳಿಯಲು ದೇಹದೊಳಗಿನ ಒಂದು ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಪಾಯ ಕಂಡೊಡನೆ ಮಿದುಳಿನ ಅಮಿಗ್ಡಲ ಎಂಬ ಭಾಗವು ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್ ಹರಿದು ಎದೆ ಬಡಿತ ಏರುತ್ತದೆ. ಹೈಪೋಥಲಾಮಸ್‌ನಿಂದ ಪಿಟ್ಯುಟರಿಗೂ ಅಲ್ಲಿಂದ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗೂ ಸಂದೇಶ ಹೋಗಿ, ಕಾರ್ಟಿಸಾಲ್ ಎಂಬ ರಸದೂತವು ರಕ್ತಕ್ಕೆ ಸೇರಿ ಸಕ್ಕರೆಯನ್ನು ಏರಿಸುತ್ತದೆ, ರೋಗನಿರೋಧಕ ಶಕ್ತಿಯ ಕೆಲಸವನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ. ಅಪಾಯ ಕಳೆದ ಮೇಲೆ ಇದೆಲ್ಲ ಇಳಿಯಬೇಕು. ಅಪಾಯವು ಮನೆಯೊಳಗೇ ಇದ್ದರೆ ಇಳಿಯುವುದಿಲ್ಲ. ಗೇಟು ತೆಗೆದ ಸದ್ದಿನಿಂದ, ಚಪ್ಪಲಿ ಬಿಟ್ಟ ರೀತಿಯಿಂದ ತಂದೆಯ ಅಂದಿನ ಮನಸ್ಥಿತಿಯನ್ನು ಅಳೆಯಲು ಕಲಿತ ಆರು ವರ್ಷದ ಮಗುವಿನ ಮೈ, ಹೊಡೆತ ಬೀಳದ ರಾತ್ರಿಯೂ ಹೊಡೆತಕ್ಕೆ ಸಿದ್ಧವಾಗಿಯೇ ಮಲಗುತ್ತದೆ. ಇಂಥ ಸ್ಥಿತಿ ವರ್ಷಗಟ್ಟಲೆ ಮುಂದುವರಿದಾಗ ಅಮಿಗ್ಡಲವು ಅತಿ ಚುರುಕಾಗುತ್ತದೆ, ನೆನಪು ಮತ್ತು ಕಲಿಕೆಗೆ ಬೇಕಾದ ಹಿಪ್ಪೊಕ್ಯಾಂಪಸ್ ಸೊರಗುತ್ತದೆ, ಸಿಟ್ಟನ್ನೂ ಆತುರವನ್ನೂ ಹತೋಟಿಯಲ್ಲಿಡುವ ಮುಂಭಾಗದ ಮಿದುಳು ಬಲಗೊಳ್ಳುವುದು ತಡವಾಗುತ್ತದೆ, ರಕ್ತನಾಳಗಳಲ್ಲಿ ಸಣ್ಣ ಪ್ರಮಾಣದ ಉರಿಯೂತ ಸದಾ ಉಳಿಯುತ್ತದೆ. ಬ್ರೂಸ್ ಮೆಕ್‌ಇವನ್ ಎಂಬ ನರವಿಜ್ಞಾನಿ ಈ ದೀರ್ಘಕಾಲದ ಸವೆತವನ್ನು ದೇಹವು ಹೊರುವ ಭಾರವೆಂದು 1993ರಲ್ಲಿ ವರ್ಣಿಸಿದರು.

ಹಾಗೆಂದು ಎಲ್ಲ ಒತ್ತಡವೂ ಕೆಡುಕಲ್ಲ. ಪರೀಕ್ಷೆಯ ಭಯ, ಅಜ್ಜಿಯ ಸಾವಿನ ದುಃಖ ಮಗುವನ್ನು ಅಲುಗಿಸಿದರೂ, ಪಕ್ಕದಲ್ಲಿ ನೆಚ್ಚಬಹುದಾದ ಹಿರಿಯರೊಬ್ಬರು ಇದ್ದರೆ ಕಾರ್ಟಿಸಾಲ್ ಮತ್ತೆ ತನ್ನ ಮಟ್ಟಕ್ಕೆ ಬರುತ್ತದೆ. ಅಂಥ ಆಸರೆಯಿಲ್ಲದೆ ಪ್ರಬಲವಾಗಿ, ಪದೇ ಪದೇ ಬರುವ ಒತ್ತಡವನ್ನೇ ಹಾರ್ವರ್ಡ್‌ನ ಜ್ಯಾಕ್ ಶಾಂಕಾಫ್ ಮತ್ತು ಸಂಗಡಿಗರು ‘ವಿಷಕಾರಿ ಒತ್ತಡ’ ಎಂದು ಕರೆದರು. ಆದ್ದರಿಂದ ಮಗುವಿನ ಆರೋಗ್ಯದ ಚರ್ಚೆ ಮಗುವನ್ನು ಸಾಕುವ ಹಿರಿಯರ ಸ್ಥಿತಿಯಿಂದಲೇ ಆರಂಭವಾಗಬೇಕಾಗುತ್ತದೆ, ಮತ್ತು ಶಿವಮೊಗ್ಗ, ಭದ್ರಾವತಿಗಳಿಗೆ ಈ ಶಾಸ್ತ್ರ ನೇರವಾಗಿ ಸಂಬಂಧಪಡುವುದೂ ಇಲ್ಲಿಯೇ.

ಭದ್ರಾವತಿ ಎರಡು ಕಾರ್ಖಾನೆಗಳ ಸುತ್ತ ಬೆಳೆದ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ (ಈಗಿನ ವಿಐಎಸ್‌ಎಲ್) 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ (ಎಂಪಿಎಂ) ಸಂಬಳದ ಜೊತೆಗೆ ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆಗಳನ್ನು ಕೊಟ್ಟು, ಮೂರು ತಲೆಮಾರುಗಳಿಗೆ ನಾಳೆಯ ಬಗ್ಗೆ ಒಂದು ಭರವಸೆಯನ್ನು ಕೊಟ್ಟಿದ್ದವು. ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಮುಂದೆ ಧರಣಿ ಕುಳಿತರು. ಅದೇ ವರ್ಷ ಕೆಲಸ ಭಾಗಶಃ ಮರಳಿತಾದರೂ ಅನಿಶ್ಚಿತತೆ ಹೋಗಲಿಲ್ಲ. ಈ ನಷ್ಟವನ್ನು ಲೆಕ್ಕ ಹಾಕಿದವರೆಲ್ಲ ಟನ್ನುಗಳಲ್ಲಿಯೂ ಕೋಟಿ ರೂಪಾಯಿಗಳಲ್ಲಿಯೂ ಹಾಕಿದರು. ಸ್ವಯಂ ನಿವೃತ್ತಿಯ ಹಣ ಕರಗುತ್ತಿರುವ ಮನೆಯಲ್ಲಿ ಬೆಳೆಯುವ ಮಗುವಿನ ಮೈಮೇಲೆ ಬೀಳುವ ವೆಚ್ಚ ಆ ಲೆಕ್ಕದಲ್ಲಿ ಸೇರಲೇ ಇಲ್ಲವೆಂಬುದು ಗಂಭೀರವಾದ ಕೊರತೆ.

ಈ ವೆಚ್ಚ ಕಲ್ಪನೆಯದಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬೆಳೆದ ಕ್ಯಾಲಿಫೋರ್ನಿಯಾದ ಮಕ್ಕಳನ್ನು ಕುರಿತ ಗ್ಲೆನ್ ಎಲ್ಡರ್ ಅವರ ಅಧ್ಯಯನಗಳು, ಬಡತನವು ಮಗುವನ್ನು ತಲುಪುವ ಮುಖ್ಯ ದಾರಿ ತಂದೆತಾಯಿಯರ ವರ್ತನೆಯೆಂದು ತೋರಿಸಿದವು: ದುಡಿಮೆ ಕಳೆದುಕೊಂಡ ತಂದೆ ಸಿಡುಕನಾಗಿ, ಇಂದು ಒಂದು ನಾಳೆ ಇನ್ನೊಂದು ಎಂಬಂತೆ ಶಿಕ್ಷಿಸತೊಡಗಿದಾಗ ಮಕ್ಕಳು ಕುಗ್ಗಿದರು. ಇದರ ಮರುಮುಖವೂ ದಾಖಲಾಗಿದೆ. ಅಮೆರಿಕದ ಉತ್ತರ ಕೆರೊಲಿನಾದ ಚೆರೋಕಿ ಬುಡಕಟ್ಟಿನ ಪ್ರತಿ ಕುಟುಂಬಕ್ಕೂ 1996ರ ನಂತರ ಕ್ಯಾಸಿನೊ ಆದಾಯದ ಪಾಲು ನಗದಾಗಿ ಸಿಗತೊಡಗಿತು. ಮೊದಲಿನಿಂದಲೇ ಅಲ್ಲಿನ ಮಕ್ಕಳನ್ನು ಗಮನಿಸುತ್ತಿದ್ದ ಜೇನ್ ಕಾಸ್ಟೆಲೋ ಮತ್ತು ಸಂಗಡಿಗರು, ಬಡತನದಿಂದ ಹೊರಬಂದ ಮನೆಗಳ ಮಕ್ಕಳಲ್ಲಿ ವರ್ತನೆಯ ತೊಂದರೆಗಳು ಇಳಿದುದನ್ನೂ, ತಂದೆತಾಯಿಗೆ ಮಕ್ಕಳ ಕಡೆ ನೋಡಲು ಪುರುಸೊತ್ತು ಸಿಕ್ಕಿದ್ದೇ ಅದಕ್ಕೆ ಮುಖ್ಯ ಕಾರಣವೆಂಬುದನ್ನೂ 2003ರಲ್ಲಿ ವರದಿ ಮಾಡಿದರು. ಕರ್ನಾಟಕದಲ್ಲಿ 2023ರ ಆಗಸ್ಟಿನಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯನ್ನು ಕುರಿತು ಪರವಾಗಿಯೂ ವಿರೋಧವಾಗಿಯೂ ಬಹಳ ಮಾತಾಗಿದೆ. ಆ ಹಣ ಮನೆಯೊಳಗಿನ ಜಗಳವನ್ನು ತಗ್ಗಿಸಿತೇ, ಮಗುವಿನ ನಿದ್ದೆಯನ್ನು ಉಳಿಸಿತೇ ಎಂಬ ಅಧ್ಯಯನವನ್ನು ಭದ್ರಾವತಿಯಂಥ ಊರಿನಲ್ಲಿ ಕೈಗೊಳ್ಳುವುದು ತೀರ ಅಗತ್ಯವಾಗಿದೆ.

ಕಾರ್ಖಾನೆ ಮುಚ್ಚಿದ್ದಕ್ಕಿಂತ ಹಳೆಯ ಪೆಟ್ಟೂ ಶಿವಮೊಗ್ಗ ಜಿಲ್ಲೆಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ, ಸಂತ್ರಸ್ತ ಕುಟುಂಬಗಳು ಕಾಡಂಚಿನಲ್ಲಿ ಬಂದು ನೆಲೆಸಿದವು, ಎಷ್ಟೋ ಕುಟುಂಬಗಳ ಜಮೀನಿನ ಹಕ್ಕು ಇಂದಿಗೂ ಇತ್ಯರ್ಥವಾಗಿಲ್ಲ. ಅಂದು ಹತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸಾಲಿನಲ್ಲಿ ಬಿಪಿ ಮಾತ್ರೆಗಾಗಿ ನಿಲ್ಲುವ ವೃದ್ಧರಲ್ಲಿ ಅವರೂ ಇರಬಹುದು.

ಶಿವಮೊಗ್ಗಕ್ಕೆ ಮನೋವೈದ್ಯದ ಅರಿವು ಹೊಸದಲ್ಲ. ಇಲ್ಲಿ ಮಾನಸ ಆಸ್ಪತ್ರೆಯನ್ನು ಕಟ್ಟಿದ ಡಾ. ಅಶೋಕ್ ಪೈ ಅವರು ಕಥೆ, ಕಾದಂಬರಿ, ಸಿನಿಮಾಗಳ ಮೂಲಕ ಮನಸ್ಸಿನ ಕಾಯಿಲೆಯನ್ನು ಜನರ ಮಾತಿಗೆ ತಂದರು; ಅವರ ಕಥೆಯನ್ನು ಆಧರಿಸಿ ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ ‘ಕಾಡಿನ ಬೆಂಕಿ’ 1988ರ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಆದರೂ ಮಗುವಿನ ಸಂಕಟ ಇಂದಿಗೂ ದೇಹದ ದೂರಾಗಿಯೇ ಬರುತ್ತದೆ: ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ದೊಡ್ಡವನಾದ ಮೇಲೂ ಹಾಸಿಗೆ ಒದ್ದೆ, ನಿದ್ದೆಯಲ್ಲಿ ಚೀರಾಟ. ಮಗು ಬೆಚ್ಚಿದೆಯೆಂದು ಅಂತ್ರ ಕಟ್ಟಿಸುವ ಅಜ್ಜಿಯನ್ನು ಹಳಿಯಬೇಕಾಗಿಲ್ಲ; ಏನೋ ಆಗಿದೆಯೆಂದು ಮೊದಲು ಗುರುತಿಸಿದವಳು ಅವಳೇ. ಬೆಚ್ಚಿಸಿದ್ದು ಏನೆಂದು ಮುಂದೆ ವಿಚಾರಿಸುವವರು ಬೇಕು.

ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳ ಪೈಕಿ ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾಗಿದ್ದರು. ಮನೆಯಲ್ಲಿ ಪೆಟ್ಟು ತಿಂದವರಲ್ಲಿ ಬಹುಪಾಲು ಮಕ್ಕಳಿಗೆ ಹೊಡೆದವರು ತಂದೆತಾಯಿಯೇ. ಶಿಕ್ಷಣ ಹಕ್ಕು ಕಾಯ್ದೆ (2009) ಶಾಲೆಯ ಪೆಟ್ಟನ್ನು ನಿಷೇಧಿಸಿದೆ, ಪೋಕ್ಸೊ ಕಾಯ್ದೆ (2012) ಲೈಂಗಿಕ ಅಪರಾಧಗಳಿಗೆ ಕಠಿಣ ಶಿಕ್ಷೆ ವಿಧಿಸುತ್ತದೆ, 1098 ಸಹಾಯವಾಣಿ ಇದೆ. ಇವು ಘಟನೆಯ ನಂತರ ಕೆಲಸ ಮಾಡುವ ವ್ಯವಸ್ಥೆಗಳು, ಮತ್ತು ಅತ್ಯಗತ್ಯವಾದವು. ದಿನದಿನದ ಭಯಕ್ಕೆ ಇವುಗಳಲ್ಲಿ ಪರಿಹಾರ ಸಿಗುವುದು ಕಷ್ಟ.

ಹಾಗಾದರೆ ಪ್ರತಿ ಮಗುವಿಗೂ ಅನುಭವಗಳ ಅಂಕ ಹಾಕಿ ಪಟ್ಟಿ ಮಾಡಬಹುದೇ ಎಂಬ ಉತ್ಸಾಹಕ್ಕೆ ಸ್ವತಃ ಆಂಡಾ ಅವರೇ 2020ರಲ್ಲಿ ತಡೆಯೊಡ್ಡಿದ್ದಾರೆ. ಆ ಅಂಕ ಸಮುದಾಯದ ಅಪಾಯವನ್ನು ಅಳೆಯುತ್ತದೆಯೇ ಹೊರತು ಒಬ್ಬ ವ್ಯಕ್ತಿಯ ಭವಿಷ್ಯವನ್ನು ಹೇಳುವುದಿಲ್ಲ. ನಾಲ್ಕು ಅಂಕದ ಎಷ್ಟೋ ಮಕ್ಕಳು ಒಬ್ಬ ಸೋದರತ್ತೆಯ, ಒಬ್ಬ ಮೇಷ್ಟರ ಆಸರೆಯಲ್ಲಿ ಆರೋಗ್ಯವಂತರಾಗಿ ಬೆಳೆದಿದ್ದಾರೆ. ಕೇಳುವ ಪ್ರಶ್ನೆಗೂ ತಕ್ಕ ಜಾಗ ಬೇಕು. ಆಶಾ ಕಾರ್ಯಕರ್ತೆ ಬಾಣಂತಿಯನ್ನು ನೋಡಲು ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿರುತ್ತಾಳೆ, ಗಂಡ ಒಳಕೋಣೆಯಲ್ಲಿರುತ್ತಾನೆ. ಅಲ್ಲಿ ಹೊಡೆತದ ಮಾತು ತೆಗೆದರೆ ಅದರ ಫಲವನ್ನು ಕಾರ್ಯಕರ್ತೆ ಹೋದ ಮೇಲೆ ಬಾಣಂತಿಯೇ ಉಣ್ಣಬೇಕಾಗುತ್ತದೆ. ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುವ ದಿನ ತಾಯಿಯೊಬ್ಬಳೇ ಬಂದಿರುವುದರಿಂದ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕರು ಆ ದಿನವೇ ಅಲ್ಲಿಗೆ ಬಂದು, ತಾಯಿಯ ನಿದ್ದೆಯನ್ನೂ ಮನೆಯ ಸ್ಥಿತಿಯನ್ನೂ ವಿಚಾರಿಸಿ, ಕುಡಿತ ಬಿಡಲು ಸಿದ್ಧನಿರುವ ಗಂಡನಿಗೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಚೀಟಿ ಬರೆದುಕೊಡುವ ಏರ್ಪಾಡನ್ನು ಭದ್ರಾವತಿಯ ಕಾರ್ಮಿಕ ಬಡಾವಣೆಗಳಲ್ಲಿ ಮೊದಲು ಮಾಡಿ ನೋಡಬಹುದು.