ದೀಪದ ಲೆಕ್ಕ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ತಾಯ್ನಾಡಿನ ಹಿರಿಮೆಯನ್ನು ನೆನೆಯುವುದು ವಾಡಿಕೆ. ವಿದ್ಯುತ್ತಿನ ವಿಷಯದಲ್ಲಿ ಆ ಹಿರಿಮೆ ನಮಗೆ ಸಲ್ಲತಕ್ಕದ್ದೇ. 1902ರಲ್ಲಿಯೇ ಶಿವನಸಮುದ್ರದ ಶಕ್ತಿ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಆಮೇಲೆ ಶರಾವತಿಯೂ ದೀಪ ಹಚ್ಚಿದಳು. ಆದರೆ ಮಳೆಯನ್ನೇ ನಂಬಿದ ಮನೆಗೆ ಬರಗಾಲದಲ್ಲಿ ಕತ್ತಲೆ ತಪ್ಪದು. ಬೇಡಿಕೆಯೂ ವರ್ಷವರ್ಷಕ್ಕೆ ಬೆಳೆಯಿತು. ಆದುದರಿಂದ ರಾಯಚೂರಿನಲ್ಲಿಯೂ, ಅನಂತರ ಬಳ್ಳಾರಿಯ ಕುಡತಿನಿಯಲ್ಲಿಯೂ ಕಲ್ಲಿದ್ದಲಿನ ಸ್ಥಾವರಗಳು ಎದ್ದವು.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ಹಾಗಾದರೆ ಬಳ್ಳಾರಿಯ ಒಲೆಗೆ ಉರುವಲು ಎಲ್ಲಿಯದು? ನಮ್ಮ ನೆರೆಯ ಚಂದ್ರಪುರ ಜಿಲ್ಲೆಯದು! ಅಲ್ಲಿಯೂ ಒಂದು ಭದ್ರಾವತಿ ಉಂಟು. ಆ ತಾಲ್ಲೂಕಿನ ಬರಾಂಜದ ಗಣಿ 2008ರಲ್ಲಿ ಕರ್ನಾಟಕ ವಿದ್ಯುತ್ ನಿಗಮಕ್ಕಾಗಿ ಕೆಲಸ ಆರಂಭಿಸಿತು. 2014ರಲ್ಲಿ ಸುಪ್ರೀಂ ಕೋರ್ಟು ದೇಶದ 200ಕ್ಕೂ ಹೆಚ್ಚು ಗಣಿಗಳ ಹಂಚಿಕೆಯನ್ನು ರದ್ದುಮಾಡಿದಾಗ ಇದೂ ಹೋಯಿತು. ಅನಂತರ ನಿಗಮಕ್ಕೇ ಮರಳಿತು. ಕನ್ನಡದ ಮನೆಯ ಬೆಳಕಿಗಾಗಿ ಮರಾಠಿ ರೈತನ ಹೊಲ ಅಗೆಯಲ್ಪಟ್ಟಿತೆಂಬುದನ್ನು ಇಲ್ಲಿರುವ ನಾವಾದರೂ ಮರೆಯಬಾರದು.

ಇನ್ನು ನಾಗಪುರದ ಮಾತು. ಕೋರಾಡಿ, ಖಾಪರಖೇಡಾಗಳ ಹೊಗೆಕೊಳವೆಗಳು ನಮಗೆಲ್ಲ ಪರಿಚಿತ. ನಾವು ಬ್ಯಾಂಕಿನವರು, ಲೆಕ್ಕ ಹಾಕದೆ ಬಿಡೆವು. ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು ಬೂದಿ. ಎಂದರೆ ತಿಂಗಳಿಗೆ 100 ಯೂನಿಟ್ಟು ಉರಿಸುವ ಮನೆಯ ಲೆಕ್ಕದಲ್ಲಿ 70 ಕಿಲೋ ಕಲ್ಲಿದ್ದಲು ಖರ್ಚು, 20 ಕಿಲೋಗೂ ಮಿಕ್ಕಿ ಬೂದಿ ಉಳಿಕೆ. ಬಿಲ್ಲಿನಲ್ಲಿ ಈ ಬೂದಿಯ ಹೆಸರಿಲ್ಲ. 2022ರ ಜುಲೈ ಮಳೆಯಲ್ಲಿ ಕೋರಾಡಿಯ ಬೂದಿಕೆರೆಯ ಏರಿ ಒಡೆದು ಹೊಲಗದ್ದೆಗಳಿಗೆ ನುಗ್ಗಿದಾಗ, ಆ ಬಾಕಿಯನ್ನು ತೆತ್ತವರು ಹಳ್ಳಿಯವರು.

ಬಿಸಿಲಿನಿಂದ ವಿದ್ಯುತ್ತು ಪಡೆದರೆ ಬೂದಿಯಿಲ್ಲ, ಹೊಗೆಯಿಲ್ಲ. ತುಮಕೂರು ಜಿಲ್ಲೆಯ ಬರಪೀಡಿತ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವು 2019ರ ಹೊತ್ತಿಗೆ ಪೂರ್ಣವಾಯಿತು. ಅಲ್ಲಿ ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಯೆಂದು ಆರಂಭಿಸಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರುವಂತೆ ಕರಾರು. ಇದು ಮೆಚ್ಚತಕ್ಕ ಏರ್ಪಾಡು. ಆದರೆ ಭೂಮಿಯಿದ್ದವನಿಗೆ ಬಾಡಿಗೆ. ಅದೇ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನಿಗೆ? ಸೂರ್ಯನೂ ಸಂಜೆಗೆ ಮನೆಗೆ ಹೋಗುತ್ತಾನೆ. ರಾತ್ರಿಯ ದೀಪಕ್ಕೆ ವಿದ್ಯುತ್ತನ್ನು ಕೂಡಿಡುವ ಸಾಧನಗಳು ಸಾಕಷ್ಟು ಬರುವವರೆಗೆ ಒಲೆ ಒಮ್ಮೆಗೇ ಆರದು.

ಆರುವುದಂತೂ ನಿಶ್ಚಯ. ಕೋರಾಡಿಯ ಹಳೆಯ ಘಟಕಗಳು ಈಗಾಗಲೇ ನಿವೃತ್ತಿ ಹೊಂದಿವೆ. ವಾಣಿಜ್ಯಶಾಸ್ತ್ರ ಓದಿದವರಿಗೆ 'ಸವಕಳಿ' ಎಂಬ ಬಾಬು ಗೊತ್ತು. ಯಂತ್ರ ಒಂದು ದಿನ ಸವೆಯುತ್ತದೆಂದು ಬಲ್ಲ ವ್ಯಾಪಾರಿ ಪ್ರತಿವರ್ಷ ಲಾಭದಿಂದ ಒಂದಿಷ್ಟನ್ನು ತೆಗೆದಿಡುತ್ತಾನೆ. ಯಂತ್ರಕ್ಕೆ ಸವಕಳಿ ಬರೆದ ನಾವು ಮನುಷ್ಯನಿಗೆ ಬರೆದೆವೆ? ಉಮರೇಡ, ಸಾವನೇರ, ಬಲ್ಲಾರಪುರಗಳ ಗಣಿ ಕಾರ್ಮಿಕರೂ ಅವರನ್ನು ನಂಬಿದ ಅಂಗಡಿಕಾರರೂ ಗಣಿ ಮುಚ್ಚಿದ ಮರುದಿನ ಏನು ಮಾಡಬೇಕು? ಕಲ್ಲಿದ್ದಲು ಉರಿಯುತ್ತಿರುವಾಗಲೇ ಯೂನಿಟ್ಟಿಗೆ ಇಷ್ಟು ಕಾಸೆಂದು ಅವರ ಹೆಸರಿಗೆ ಜಮಾ ಆಗಬೇಕು. ಹೊಸ ಕಸುಬನ್ನು ಅವರ ಮಕ್ಕಳಿಗೆ ಈಗಲೇ ಕಲಿಸಬೇಕು. ಒಲೆ ಆರಿದ ಮೇಲೆ ಹುಂಡಿ ಹುಡುಕಿದರೆ ಫಲವಿಲ್ಲ.

ಈ ಬೇಡಿಕೆಯನ್ನು ಮರಾಠಿ ಬಂಧುಗಳೊಡನೆ ನಿಂತು ಕೇಳುವ ಋಣ ಕನ್ನಡಿಗರಾದ ನಮ್ಮ ಮೇಲೂ ಇದೆ. ಅನ್ನ ಕೊಟ್ಟ ಊರು ಇದು; ನಮ್ಮ ತಾಯ್ನಾಡಿಗೆ ಬೆಳಕು ಕೊಟ್ಟ ಸೀಮೆಯೂ ಹೌದು.