ಗುರಿಯ ಕ್ರಿಯಾಪದ

ಪಾಠ ಹೇಳುವ ವೃತ್ತಿಯನ್ನು ಹಿಡಿದವರು ನಿವೃತ್ತಿಯವರೆಗೆ ಅದರಲ್ಲಿಯೇ ನೆಲೆ ನಿಲ್ಲುತ್ತಿದ್ದ ಕಾಲವೊಂದಿತ್ತು. ಈಗ ಹಾಗಿಲ್ಲ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರೆಂಬ ಹೆಸರಿನಿಂದ ಹತ್ತು ಹದಿನೈದು ವರ್ಷ ದುಡಿದವರೂ ಮುಂದಿನ ವರ್ಷ ತಮಗೆ ತರಗತಿ ಉಂಟೋ ಇಲ್ಲವೋ ಎಂಬ ಅನಿಶ್ಚಯದಲ್ಲಿಯೇ ಪ್ರತಿ ಬೇಸಗೆಯನ್ನು ಕಳೆಯುತ್ತಾರೆ. ಹದಿನೈದು ವರ್ಷ ಮನೆಯಲ್ಲಿದ್ದವರನ್ನು ಅತಿಥಿ ಎನ್ನುವ ಪ್ರಯೋಗಕ್ಕೆ ಯಾವ ನಿಘಂಟೂ ಸಮ್ಮತಿಸಲಾರದು, ಅದಿರಲಿ. ಇಂಥವರಲ್ಲಿ ಕೆಲವರು ಇತ್ತೀಚೆಗೆ ಇನ್‌ಸ್ಟ್ರಕ್ಷನಲ್ ಡಿಸೈನ್ ಎಂಬ ಕಸುಬಿನ ಕಡೆಗೆ ತಿರುಗುತ್ತಿದ್ದಾರೆ. ನಮ್ಮ ಅನುಕೂಲಕ್ಕೆ ಅದನ್ನು ಪಾಠವಿನ್ಯಾಸ ಎಂದು ಕರೆಯೋಣ. ಹಾಗೆ ತಿರುಗುವವರು ತಮ್ಮ ಕಲಿಕೆಯ ಗುರಿಯನ್ನು ಹೇಗೆ ಗೊತ್ತುಮಾಡಿಕೊಳ್ಳಬೇಕು ಎಂಬುದು ಈ ಹೊತ್ತಿನ ವಿಚಾರ.

ಪಾಠವಿನ್ಯಾಸಕಾರನು ಸಾಮಾನ್ಯವಾಗಿ ತಾನೇ ಪಾಠ ಹೇಳುವುದಿಲ್ಲ. ಬ್ಯಾಂಕಿನಲ್ಲಿಯೋ ಆಸ್ಪತ್ರೆಯಲ್ಲಿಯೋ ಕಾರ್ಖಾನೆಯಲ್ಲಿಯೋ ಪಳಗಿದವರ ಬಳಿ ಕುಳಿತು, ಹೊಸಬರು ಎಲ್ಲಿ ಎಡವುತ್ತಾರೆಂಬುದನ್ನು ವಿಚಾರಿಸಿ, ಅದನ್ನು ತಪ್ಪಿಸುವ ಅಭ್ಯಾಸಗಳನ್ನು ಒಂದೊಂದಾಗಿ ಜೋಡಿಸಿ, ತಾನು ಎದುರಿಗಿಲ್ಲದಿದ್ದರೂ ಪಾಠವು ನಡೆಯುವಂತೆ ಮಾಡುವುದು ಅವನ ಕೆಲಸ. ಎರಡನೆಯ ಮಹಾಯುದ್ಧದಲ್ಲಿ ಅಸಂಖ್ಯ ಸೈನಿಕರನ್ನು ಅಲ್ಪಕಾಲದಲ್ಲಿ ಸಿದ್ಧಗೊಳಿಸಬೇಕಾಗಿ ಬಂದ ಅಮೆರಿಕದಲ್ಲಿ ಈ ವಿದ್ಯೆಯ ಬೇರುಗಳಿವೆ. ಆಗ ಅಲ್ಲಿನ ವಾಯುಸೇನೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ರಾಬರ್ಟ್ ಗ್ಯಾನ್ಯೆ 1965ರಲ್ಲಿ ಪ್ರಕಟಿಸಿದ ‘ದಿ ಕಂಡಿಷನ್ಸ್ ಆಫ್ ಲರ್ನಿಂಗ್’ ಇಂದಿಗೂ ಈ ಕ್ಷೇತ್ರದ ಮೂಲಗ್ರಂಥಗಳಲ್ಲಿ ಒಂದು. ಕಾಣದ ವಿದ್ಯಾರ್ಥಿಗೆ ಪಾಠ ಕಟ್ಟುವ ಕೆಲಸ ನಮಗೂ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದಾಗ, ರಾಯಚೂರು ಮತ್ತು ಅಂದಿನ ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು.

ಗುರಿಯ ಮಾತಿಗೆ ಬರೋಣ. ರಾಬರ್ಟ್ ಮೇಗರ್ ಎಂಬವರು 1962ರಲ್ಲಿ ಬೋಧನೆಯ ಉದ್ದೇಶಗಳನ್ನು ಬರೆಯುವ ಬಗೆಯನ್ನು ಕುರಿತು ಒಂದು ಚಿಕ್ಕ ಪುಸ್ತಕ ಬರೆದರು. ಅದರ ತಿರುಳೆಲ್ಲ ಒಂದು ವ್ಯಾಕರಣದ ಪ್ರಶ್ನೆ ಎಂದರೆ ತಪ್ಪಾಗದು. ತಿಳಿ, ಅರಿ, ಮೆಚ್ಚು ಎಂಬಂಥ ಕ್ರಿಯಾಪದಗಳು ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಡುತ್ತವೆ. ಬರೆ, ವಿಂಗಡಿಸು, ಕಟ್ಟು, ಹೋಲಿಸು ಎಂಬಂಥವು ಕಣ್ಣಿಗೆ ಕಾಣುವ ಕೆಲಸವನ್ನು ಹೇಳುತ್ತವೆ. ಕಲಿತವನು ಏನು ಮಾಡಬಲ್ಲನು, ಯಾವ ಸಂದರ್ಭದಲ್ಲಿ, ಎಷ್ಟು ಚೆನ್ನಾಗಿ ಎಂಬ ಮೂರಕ್ಕೂ ಉತ್ತರವಿರಬೇಕೆಂಬುದು ಅವರ ಮತ. ಸಾಹಿತ್ಯವನ್ನು ಬೋಧಿಸಿದ ನನಗೆ ಇದು ಪೂರ್ತಿಯಾಗಿ ಒಪ್ಪಿಗೆಯಿಲ್ಲ. ರಸಾಸ್ವಾದವನ್ನು ಈ ಅಳತೆಗೋಲಿನಿಂದ ಅಳೆಯಹೊರಟರೆ ಪರೀಕ್ಷೆಯ ಗೈಡುಗಳು ಮಾತ್ರ ಉಳಿದಾವು. ಆದರೆ ಕಸುಬಿನ ಕಲಿಕೆಯ ಮಟ್ಟಿಗೆ ಮೇಗರರ ಮಾತು ಸರಿ ಎನ್ನದೆ ವಿಧಿಯಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ಒಂದು ಹಾಳೆಯಲ್ಲಿ ತನ್ನ ಗುರಿಗಳನ್ನು ಬರೆದು ತಂದಿದ್ದಳು. ಪಾಠವಿನ್ಯಾಸದ ಸಿದ್ಧಾಂತಗಳನ್ನು ತಿಳಿಯುವುದು, ತಂತ್ರಾಂಶಗಳನ್ನು ಕಲಿಯುವುದು, ಇಂಗ್ಲಿಷನ್ನು ಉತ್ತಮಪಡಿಸಿಕೊಳ್ಳುವುದು. ವಯಸ್ಸು ನಲವತ್ತರ ಹತ್ತಿರ. ಕೈಯಲ್ಲಿದ್ದ ತರಗತಿಗಳು ಅರ್ಧಕ್ಕಿಳಿದಿದ್ದವು. ಉಳಿತಾಯದ ಹಣ ಒಂದು ವರ್ಷಕ್ಕೆ ಸಾಕಾದೀತು ಎಂದಳು. ಒಂದೇ ವರ್ಷದ ಅವಧಿಯುಳ್ಳವರಿಗೆ ಕೊನೆಯೇ ಇಲ್ಲದ ಗುರಿಗಳು ಅಪಾಯಕಾರಿ. ತಿಳಿಯುವುದು ಎಂದು ಬರೆದುಕೊಂಡವರು ಯಾವ ದಿನ ಪುಸ್ತಕವನ್ನು ಮುಚ್ಚಿ ಕೆಲಸಕ್ಕೆ ಕೈ ಹಚ್ಚಬೇಕು? ಹಾಳೆ ಅದನ್ನು ಹೇಳುತ್ತಿರಲಿಲ್ಲ.

ಇಬ್ಬರೂ ಕುಳಿತು ಮೊದಲನೆಯ ಗುರಿಯನ್ನು ತಿದ್ದಿದೆವು. ಆಕೆಯ ಭಾವನವರು ಕೃಷಿ ಪತ್ತಿನ ಸಹಕಾರ ಸಂಘವೊಂದರ ಕಾರ್ಯದರ್ಶಿ. ಹೊಸ ಗುಮಾಸ್ತರು ಬೆಳೆಸಾಲದ ಅರ್ಜಿಗಳನ್ನು ಸರಿಯಾಗಿ ನೋಡದೆ ಮುಂದಕ್ಕೆ ಕಳುಹಿಸುತ್ತಾರೆಂಬುದು ಅವರ ದೂರು. ಹೊಸ ಗುರಿ ಹೀಗಾಯಿತು: ಎಂಟು ವಾರಗಳೊಳಗೆ ಹದಿನೈದು ನಿಮಿಷಗಳ ಒಂದು ಪಾಠವನ್ನು ಕಟ್ಟುವುದು, ಅದನ್ನು ಮುಗಿಸಿದ ಐವರು ಹೊಸಬರಲ್ಲಿ ನಾಲ್ವರಾದರೂ, ಯಾರ ನೆರವೂ ಇಲ್ಲದೆ, ಹತ್ತು ಮಾದರಿ ಅರ್ಜಿಗಳಲ್ಲಿರುವ ಕೊರತೆಗಳನ್ನು ಗುರುತಿಸಬೇಕು.

ಮೊದಲ ಪ್ರಯೋಗದಲ್ಲಿ ಗುರುತಿಸಿದವನು ಒಬ್ಬನೇ. ಪಹಣಿಯು ತೀರಿಹೋದ ತಂದೆಯ ಹೆಸರಿನಲ್ಲಿಯೇ ಇದ್ದು, ಪೌತಿ ಖಾತೆಯಾಗದೆ, ಅರ್ಜಿ ಮಾತ್ರ ಮಗನ ಹೆಸರಿನಲ್ಲಿದ್ದುದನ್ನು ನಾಲ್ವರೂ ದಾಟಿಹೋದರು. ಪಾಠವನ್ನು ತೆರೆದು ನೋಡಿದರೆ ಕಾರಣ ಸ್ಪಷ್ಟವಾಗಿತ್ತು. ಬೇಕಾದ ದಾಖಲೆಗಳ ಪಟ್ಟಿಯನ್ನು ಆಕೆ ಬಹು ಸೊಗಸಾಗಿ ವಿವರಿಸಿದ್ದಳು. ಕಲಿಯುವವನ ಕೈಗೆ ಒಂದು ಅರ್ಜಿಯನ್ನೂ ಕೊಟ್ಟಿರಲಿಲ್ಲ. ಎರಡನೆಯ ಬಾರಿ ವಿವರಣೆಯನ್ನು ಕಾಲುಭಾಗಕ್ಕೆ ಇಳಿಸಿ, ಮೊದಲ ನಿಮಿಷದಲ್ಲಿಯೇ ಅರ್ಜಿಯೊಂದನ್ನು ಮುಂದಿಟ್ಟು, ‘ಇದನ್ನು ಅಂಗೀಕರಿಸುವಿರಾ?’ ಎಂದು ಕೇಳಿದಳು. ತಪ್ಪಿದವರಿಗೆ ತಪ್ಪಿದ ಕಡೆ ಮಾತ್ರ ವಿವರಣೆ. ಬೇರೆ ಐವರು ಹೊಸಬರಲ್ಲಿ ನಾಲ್ವರು ಗೆದ್ದರು.

ಅಧ್ಯಾಪಕರು ಈ ಕಸುಬಿಗೆ ಬಂದಾಗ ಬಿಡಬೇಕಾದುದು ಕಲಿಯಬೇಕಾದುದಕ್ಕಿಂತ ಕಠಿನವಾದದ್ದು. ವಿವರಿಸುವುದು ನಮ್ಮ ಸುಖ. ತರಗತಿಯಲ್ಲಿ ಮಕ್ಕಳ ಮುಖ ಬಾಡಿದರೆ ಮಾತನ್ನು ಬೇರೆ ದಾರಿಗೆ ಹೊರಳಿಸುತ್ತೇವೆ. ಆ ಅನುಕೂಲ ಪಾಠವಿನ್ಯಾಸಕಾರನಿಗಿಲ್ಲ. ಈ ಮೈಕಿನ ಮುಂದೆ ಕುಳಿತ ನನಗೂ ಇಲ್ಲ. ನಿಮ್ಮಲ್ಲಿ ಎಷ್ಟು ಮಂದಿ ಈಗಾಗಲೇ ರೇಡಿಯೋ ಆರಿಸಿದ್ದೀರೋ ನನಗೆ ತಿಳಿಯದು. ಆದ್ದರಿಂದಲೇ ಕಟ್ಟಿದ್ದನ್ನು ಯಾರ ಮೇಲೆ ಪ್ರಯೋಗಿಸಿ ನೋಡುತ್ತೇನೆ ಎಂಬುದು ಗುರಿಯ ಒಳಗೇ ಇರಬೇಕು.

ತಂತ್ರಾಂಶದ ವಿಚಾರ ಎರಡೇ ಮಾತು. ಅದನ್ನು ಮೊದಲು ಕೊಳ್ಳಬಾರದು. ಹಾಳೆಯ ಮೇಲೆ ನಡೆಯದ ಪಾಠ ಪರದೆಯ ಮೇಲೂ ನಡೆಯದು. ಅಲ್ಲದೆ ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಪಾಠದ ಕರಡನ್ನು ಕ್ಷಣದಲ್ಲಿ ಬರೆದುಕೊಡುತ್ತವೆ. ಆದರೆ ಗುಮಾಸ್ತನು ಎಡವುತ್ತಿರುವುದು ಅಜ್ಞಾನದಿಂದಲೋ, ಒಂದೇ ದಿನ ನೂರು ಅರ್ಜಿಗಳನ್ನು ನೋಡಬೇಕಾದ ಒತ್ತಡದಿಂದಲೋ ಎಂಬುದನ್ನು ಸಂಘದ ಕಚೇರಿಯಲ್ಲಿ ಅರ್ಧ ದಿನ ಕುಳಿತವರೇ ಹೇಳಬೇಕು. ಒತ್ತಡದಿಂದಾದರೆ ಎಂಥ ಪಾಠವೂ ವ್ಯರ್ಥ. ಅದನ್ನು ಧೈರ್ಯವಾಗಿ ಹೇಳುವುದೂ ಈ ಕಸುಬಿನ ಭಾಗವೇ.

ಆ ಹಾಳೆಯ ಮೂರನೆಯ ಗುರಿಯನ್ನೂ ಆಕೆಯೇ ತಿದ್ದಿಕೊಂಡಿದ್ದಾಳೆ: ತಾನು ಕಟ್ಟಿದ ಪಾಠದಲ್ಲಿ ಏನು ಕೆಟ್ಟಿತು, ಏನನ್ನು ಬದಲಿಸಿದೆ ಎಂಬುದನ್ನು ಎರಡು ಪುಟಗಳ ಇಂಗ್ಲಿಷಿನಲ್ಲಿ ಬರೆದು, ಪಾಠದ ಜೊತೆಗಿಟ್ಟು ಸಂದರ್ಶನಕ್ಕೆ ಒಯ್ಯುವುದು. ಪ್ರಮಾಣಪತ್ರಗಳ ಕಡತಕ್ಕಿಂತ ಈ ಎರಡು ಪುಟಗಳ ಮೇಲೆ ನನಗೆ ನಂಬಿಕೆ ಹೆಚ್ಚು. ಕೆಲಸವಿನ್ನೂ ಸಿಕ್ಕಿಲ್ಲ, ಎರಡು ಕಡೆ ಕರೆದು ಮಾತನಾಡಿಸಿದ್ದಾರೆ. ಉಳಿತಾಯದ ವರ್ಷದಲ್ಲಿ ಇನ್ನು ನಾಲ್ಕು ತಿಂಗಳಿವೆ, ಎರಡನೆಯ ಪಾಠದ ಕೆಲಸ ನಡೆಯುತ್ತಿದೆ.