ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತನ್ನ ತಪ್ಪನ್ನು ಬೇರೆಯದರ ಮೇಲೆ ಹೊರಿಸುವವರಿಗೆ ಹೇಳುವ ಗಾದೆ ಇದು. ಆದರೆ ಸಭಿಕರೆ, ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಅಮೆರಿಕದ ಅಣು ವಿದ್ಯುತ್ ಉದ್ಯಮ ಈ ಪಾಠವನ್ನು ಕಲಿತದ್ದು 1979ರಲ್ಲಿ.

ಆ ವರ್ಷದ ಮಾರ್ಚ್ 28, ಬೆಳಗಿನ ಜಾವ ನಾಲ್ಕು ಗಂಟೆ. ಪೆನ್ಸಿಲ್ವೇನಿಯಾ ರಾಜ್ಯದ ಹ್ಯಾರಿಸ್‌ಬರ್ಗ್ ನಗರದ ಬಳಿ, ನದಿಯ ನಡುಗಡ್ಡೆಯೊಂದರಲ್ಲಿದ್ದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರ. ಅದರ ಎರಡನೇ ಘಟಕದಲ್ಲಿ ನೀರುಣಿಸುವ ಪಂಪುಗಳು ನಿಂತುಹೋದವು. ರಿಯಾಕ್ಟರಿನೊಳಗೆ ಒತ್ತಡ ಏರಿತು. ಕುಕ್ಕರಿನ ವೇಟು ಎದ್ದಂತೆ ಕವಾಟವೊಂದು ತಾನಾಗಿ ತೆರೆದು ಒತ್ತಡವನ್ನು ಹೊರಬಿಟ್ಟಿತು. ಎಂಟು ಸೆಕೆಂಡುಗಳಲ್ಲಿ ರಿಯಾಕ್ಟರ್ ಕೂಡ ತಾನಾಗಿ ಸ್ಥಗಿತಗೊಂಡಿತು. ಆದರೆ ಸ್ಥಗಿತಗೊಂಡ ಮೇಲೂ ಅಣು ಇಂಧನ ಶಾಖ ಸೂಸುತ್ತಲೇ ಇರುತ್ತದೆ. ಅದರ ಮೇಲೆ ಸದಾ ನೀರು ಇರಲೇಬೇಕು.

ಒತ್ತಡ ಇಳಿದೊಡನೆ ಕವಾಟ ಮುಚ್ಚಿಕೊಳ್ಳಬೇಕಿತ್ತು. ಅದು ತೆರೆದೇ ಸಿಕ್ಕಿಕೊಂಡಿತು. ನಿಯಂತ್ರಣ ಕೊಠಡಿಯಲ್ಲಿ ಮಾತ್ರ ಅದರ ದೀಪ ಆರಿತ್ತು. ಕವಾಟ ಮುಚ್ಚಿದೆ ಎಂದು ಸಿಬ್ಬಂದಿ ನಂಬಿದರು. ವಾಸ್ತವವಾಗಿ ಆ ದೀಪ ತಿಳಿಸುತ್ತಿದ್ದುದು ಕವಾಟ ಮುಚ್ಚಲು ಆದೇಶ ಹೋಗಿದೆ ಎಂಬುದನ್ನಷ್ಟೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ದೀಪ ಉರಿದ ಮಾತ್ರಕ್ಕೆ ಗದ್ದೆಗೆ ನೀರು ಹರಿಯುತ್ತಿದೆ ಎಂದಾಗುವುದೆ?

ಮುಂದಿನದು ಇನ್ನೂ ವಿಚಿತ್ರ. ಇಂಧನದ ಮೇಲೆ ಎಷ್ಟು ನೀರಿದೆ ಎಂದು ನೇರವಾಗಿ ತೋರಿಸುವ ಮಾಪಕವೇ ಅಲ್ಲಿರಲಿಲ್ಲ. ಒತ್ತಡ ಕಾಯುವ ಪಕ್ಕದ ತೊಟ್ಟಿಯ ಮಟ್ಟ ನೋಡಿ ಅಂದಾಜು ಮಾಡಬೇಕಿತ್ತು. ಸಿಕ್ಕಿಕೊಂಡ ಕವಾಟ ಇದ್ದುದು ಅದೇ ತೊಟ್ಟಿಯ ನೆತ್ತಿಯಲ್ಲಿ. ಕುದಿಯುವ ನೀರು ಅತ್ತ ಉಕ್ಕಿ, ತೊಟ್ಟಿ ತುಂಬುತ್ತಿರುವಂತೆ ಕಂಡಿತು. ಹಾಲು ಉಕ್ಕಿದಾಗ ಪಾತ್ರೆ ತುಂಬಿದಂತೆ ಕಾಣುವುದಿಲ್ಲವೆ, ಹಾಗೆ. ತೊಟ್ಟಿ ಪೂರ್ತಿ ತುಂಬಲು ಬಿಡಬಾರದು ಎಂದು ತರಬೇತಿಯಲ್ಲಿ ಒತ್ತಿ ಹೇಳಲಾಗಿತ್ತು. ಅದರಂತೆ, ತಾವಾಗಿ ಚಾಲನೆಗೊಂಡು ನೀರು ತುಂಬುತ್ತಿದ್ದ ತುರ್ತು ಪಂಪುಗಳನ್ನು ಸಿಬ್ಬಂದಿ ತಗ್ಗಿಸಿದರು. ಅವರೇನೂ ಅನನುಭವಿಗಳಲ್ಲ, ನೌಕಾಪಡೆಯಲ್ಲಿ ಪಳಗಿ ಬಂದವರು. ಆದರೆ ಮೊದಲ ಕೆಲವು ನಿಮಿಷಗಳಲ್ಲೇ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಮೊಳಗಿದ್ದವು. ಯಾವುದನ್ನು ಕೇಳುವುದು, ಯಾವುದನ್ನು ಬಿಡುವುದು?

ಆಗ ತಾನೆ ಪಾಳಿಗೆ ಬಂದ ಮೇಲ್ವಿಚಾರಕರೊಬ್ಬರು ಕವಾಟ ಸೋರುತ್ತಿರಬಹುದೆಂದು ಶಂಕಿಸಿದರು. ಅದರ ಹಿಂದಿನ ಇನ್ನೊಂದು ಕವಾಟವನ್ನು ಮುಚ್ಚಿಸಿದಾಗ ಗಂಟೆ 6.22. ಅಷ್ಟರಲ್ಲಿ ಇಂಧನದ ಮೇಲಿನ ನೀರು ಇಳಿದುಹೋಗಿತ್ತು. ಇಂಧನದ ಸುಮಾರು ಅರ್ಧಭಾಗ ಕರಗಿತ್ತೆಂಬುದು ವರ್ಷಗಳ ನಂತರ ತಿಳಿಯಿತು. ಹೊರಕವಚ ಗಟ್ಟಿಯಾಗಿದ್ದುದರಿಂದ ಹೊರಬಿದ್ದ ವಿಕಿರಣ ಅಲ್ಪ. ಆದರೂ ಸುಮಾರು 1 ಲಕ್ಷ 40 ಸಾವಿರ ಜನ ಮನೆ ತೊರೆದು ಹೋದರು.

ಇದೇ ಬಗೆಯ ಕವಾಟ 1977ರ ಸೆಪ್ಟೆಂಬರಿನಲ್ಲಿ ಓಹಾಯೋದ ಡೇವಿಸ್-ಬೆಸ್ಸೆ ಸ್ಥಾವರದಲ್ಲಿ ಇದೇ ರೀತಿ ಸಿಕ್ಕಿಕೊಂಡಿತ್ತು. ಅಲ್ಲಿನವರೂ ಪಂಪುಗಳನ್ನು ತಗ್ಗಿಸಿದ್ದರು. ರಿಯಾಕ್ಟರ್ ಕೇವಲ ಶೇ 9ರಷ್ಟು ಶಕ್ತಿಯಲ್ಲಿದ್ದುದರಿಂದ ಮತ್ತು ದೋಷ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಪತ್ತೆಯಾದುದರಿಂದ ಅನಾಹುತ ತಪ್ಪಿತು. ಸ್ಥಾವರ ತಯಾರಕರ ಎಂಜಿನಿಯರುಗಳು ಟಿಪ್ಪಣಿ ಬರೆದು ಎಚ್ಚರಿಸಿದ್ದೂ ಉಂಟು. ಆ ಎಚ್ಚರಿಕೆ ತ್ರೀ ಮೈಲ್ ಐಲೆಂಡಿನ ಸಿಬ್ಬಂದಿಯನ್ನು ತಲುಪಲೇ ಇಲ್ಲ.

ಅಧ್ಯಕ್ಷ ಕಾರ್ಟರ್ ನೇಮಿಸಿದ ಆಯೋಗ ಅಕ್ಟೋಬರಿನಲ್ಲಿ ವರದಿ ನೀಡಿತು. ಅದರ ಮುಖ್ಯಸ್ಥರು ಬೇಸಿಕ್ ಕಂಪ್ಯೂಟರ್ ಭಾಷೆಯ ಜನಕರಲ್ಲೊಬ್ಬರಾದ ಗಣಿತಜ್ಞ ಜಾನ್ ಕೆಮೆನಿ. ಸಿಬ್ಬಂದಿ ತಪ್ಪು ಮಾಡಿದ್ದನ್ನು ಆಯೋಗ ಮುಚ್ಚಿಡಲಿಲ್ಲ. ಆದರೆ ತರಬೇತಿ, ಸೂಚನಾ ಪುಸ್ತಕ, ನಿಯಂತ್ರಣ ಕೊಠಡಿಯ ವಿನ್ಯಾಸ, ಅನುಭವ ಹಂಚಿಕೊಳ್ಳದ ಸಂಸ್ಥೆಗಳು, ಇವೆಲ್ಲವನ್ನೂ ಕಟಕಟೆಗೆ ತಂದಿತು.

ಆಮೇಲೆ ಬದಲಾವಣೆ ಬಂತು. ಕವಾಟದ ನಿಜಸ್ಥಿತಿ ತೋರಿಸುವ ಸೂಚಕಗಳು ಬಂದವು. ಸಿಮ್ಯುಲೇಟರುಗಳಲ್ಲಿ ಅಪಘಾತಗಳ ತಾಲೀಮು ಹೆಚ್ಚಿತು. ಕೆಟ್ಟದ್ದು ಯಾವುದು ಎಂದು ಊಹಿಸುತ್ತ ಕೂರದೆ, ಇಂಧನ ತಣ್ಣಗಿದೆಯೆ ಎಂದು ಮೊದಲು ನೋಡಿಕೊಳ್ಳುವಂತೆ ಸೂಚನೆಗಳನ್ನು ತಿದ್ದಿ ಬರೆಯಲಾಯಿತು.

ರೈಲು ಅಪಘಾತವಿರಲಿ, ಕಾರ್ಖಾನೆಯ ದುರಂತವಿರಲಿ, 'ಮಾನವ ದೋಷ' ಎಂಬೆರಡು ಮಾತಿನಲ್ಲಿ ತನಿಖೆ ಮುಗಿಯುವುದುಂಟು. ಅದು ಮುಗಿಯಬೇಕಾದ ಜಾಗವಲ್ಲ, ಆರಂಭವಾಗಬೇಕಾದ ಜಾಗ. ಆ ಗಳಿಗೆಯಲ್ಲಿ ಆ ಮನುಷ್ಯನಿಗೆ ಕಂಡದ್ದೇನು, ಕಲಿಸಿದ್ದೇನು ಎಂದು ಕೇಳದೆ ಅವನನ್ನು ಮನೆಗೆ ಕಳಿಸಿದರೆ, ನಾಳೆ ಅದೇ ಡೊಂಕು ನೆಲದ ಮೇಲೆ ಇನ್ನೊಬ್ಬ ಕುಣಿಯಬೇಕಾಗುತ್ತದೆ.